ವಾಕಿಂಗ್ ಸರಿ, ಎಣ್ಣೆ ಅಳೆದಿದ್ದೀರಾ?

ಬಳ್ಳಾರಿಯ ಮುನ್ಸಿಪಲ್ ಮೈದಾನದಲ್ಲಿ ಬೆಳಿಗ್ಗೆ ನಡೆಯುವ ಹೆಂಗಸರನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಶೂ ಸವೆಯುತ್ತದೆ, ತೂಕ ಮಾತ್ರ ಅಲ್ಲೇ. 60 ಕೆಜಿಯ ಹೆಂಗಸು ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದು ಸುಮಾರು 120ರಿಂದ 150 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಇರುತ್ತದೆ. ಸಾಮಾನ್ಯವಾಗಿ ಗಂಡಸರಿಗಿಂತ ನಮ್ಮ ಮೈ ಚಿಕ್ಕದು, ಮಾಂಸಖಂಡವೂ ಕಡಿಮೆ. ಅದಕ್ಕೇ ಅಷ್ಟೇ ದೂರ ನಡೆದರೂ ಮನೆಯವರಿಗೆ ಕರಗಿದಷ್ಟು ನಮಗೆ ಕರಗುವುದಿಲ್ಲ. ಮೇಲಾಗಿ ನಡೆದು ಬಂದರೆ ಹಸಿವು ಜಾಸ್ತಿ, ಧೈರ್ಯವೂ ಜಾಸ್ತಿ. ಮೈದಾನದಿಂದ ನೇರ ಮಂಡಕ್ಕಿ ಒಗ್ಗರಣೆ-ಮಿರ್ಚಿ ಬಂಡಿಗೇ!

ಮೊದಲು ತೂಕ ನೋಡಿ ಬರೆದಿಡಿ. ದಿನಾ ನೋಡಬೇಡಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಒಂದೆರಡು ಕೆಜಿ ಏರುವುದುಂಟು. ಮುಟ್ಟು ಮುಗಿದ ಮರುದಿನದ ತೂಕವನ್ನು ಮುಂದಿನ ತಿಂಗಳು ಮುಟ್ಟು ಮುಗಿದ ಮರುದಿನದ ತೂಕಕ್ಕೆ ಹೋಲಿಸಿ. ಟೇಪಿನಿಂದ ಸೊಂಟವನ್ನೂ ಅಳೆಯಿರಿ. 80 ಸೆಂ.ಮೀ. ದಾಟಿದ್ದರೆ ಇಳಿಸಬೇಕು.

ಈಗ ಎಣ್ಣೆ. ಎಲ್ಲರೂ ಎಡವುವುದು ಇಲ್ಲೇ. "ನಮ್ಮನೇಲಿ ಎಣ್ಣೆ ಕಡಿಮೆ ರೀ" ಎನ್ನದವರನ್ನು ನಾನು ಕಂಡಿಲ್ಲ. ಕ್ಯಾನ್ ತಂದದ್ದು ಯಾವಾಗ ಎಂದರೆ ಉತ್ತರವಿಲ್ಲ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಖಾಲಿಯಾದರೆ ತಲೆಗೆ ದಿನಕ್ಕೆ ಸುಮಾರು 42 ಎಂಎಲ್, ಅಂದರೆ 340 ಕ್ಯಾಲೊರಿ. ಒಂದು ಗಂಟೆ ನಡೆದರೂ ಅದು ತೀರುವುದಿಲ್ಲ.

ಕ್ಯಾನನ್ನು ಅಟ್ಟದ ಮೇಲಿಡಿ. ಒಂದು ಲೀಟರ್ ಬಾಟಲಿ ತುಂಬಿಸಿ, ಮೇಲೆ ತಾರೀಖು ಬರೆಯಿರಿ. ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ, 20 ಎಂಎಲ್. ಆಗ ಬಾಟಲಿ ನಾಲ್ವರಿಗೆ 12 ದಿನ ಬರಬೇಕು. ಎಂಟನೇ ದಿನಕ್ಕೇ ತಳ ಕಂಡರೆ ಒಗ್ಗರಣೆಯ ಕೈ ಧಾರಾಳವಾಗಿದೆ ಎಂದು ಅರ್ಥ. ಬಾಟಲಿಯಿಂದ ನೇರ ಸುರಿಯಬೇಡಿ, ಚಮಚದಲ್ಲೇ ಹಾಕಿ. ಕರಿಯುವಾಗ ಬಾಣಲೆಗೆ ಹಾಕಿದ್ದನ್ನೂ, ಕರಿದ ಮೇಲೆ ಉಳಿದದ್ದನ್ನೂ ಅಳೆಯಿರಿ. 200 ಎಂಎಲ್ ಹೋಗಿ 150 ಉಳಿದರೆ ಆ 50 ಹೊಟ್ಟೆಗೇ ಹೋಗಿದೆ. ಬದನೆ ಎಣ್ಣೆಗಾಯಿ ಬಿಡಿ ಎನ್ನುವುದಿಲ್ಲ. ಎಣ್ಣೆ ತೇಲಲೇಬೇಕು ಎನ್ನುವ ಹಟ ಬಿಟ್ಟರೆ ಸಾಕು. ಶೇಂಗಾ ಪುಡಿ ಹಾಕಿದ ಮೇಲೆ ಅದರ ಕೊಬ್ಬೂ ಇದ್ದೇ ಇರುತ್ತದಲ್ವಾ? ಕುಸುಬಿ ಎಣ್ಣೆ ಹಗುರ, ಅದರಿಂದ ಬೊಜ್ಜು ಬರುವುದಿಲ್ಲ ಎನ್ನುವವರಿದ್ದಾರೆ. ಗ್ರಾಂಗೆ 9 ಕ್ಯಾಲೊರಿ ಎಲ್ಲ ಎಣ್ಣೆಗೂ ಒಂದೇ.

ಚಹಾದ ಸಕ್ಕರೆ ಅರ್ಧ ಮಾಡಿ. ರೊಟ್ಟಿ ತಿಂದ ದಿನ ಅನ್ನ ಒಂದೇ ಸೌಟು.

ಬೆವರು ಬರಿಸುವ ಬೆಲ್ಟು ಸುಮ್ನೆ ದುಡ್ಡು ದಂಡ. ಅದರಲ್ಲಿ ಹೋಗುವುದು ನೀರು, ಒಂದು ಚೊಂಬು ಕುಡಿದರೆ ವಾಪಸ್. ನಾನೂ ಒಂದು ತಂದಿದ್ದೆ. ಈಗ ಅದು ಹಳೇ ಬಟ್ಟೆಗಳ ಗಂಟಿಗೆ ಕಟ್ಟಾಗಿದೆ.

ವಾಕಿಂಗ್ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ, ಬಿಪಿ, ನಿದ್ದೆಗೆ ಅದು ಬೇಕೇ ಬೇಕು. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿ. ಶುರುವಿಗೆ ನೀರು ತುಂಬಿದ ಒಂದು ಲೀಟರ್ ಬಾಟಲಿಗಳೇ ಸಾಕು. ನಲವತ್ತರ ನಂತರ ಮಾಂಸಖಂಡ ಕರಗದಂತೆ ತಡೆಯುವುದು ಇದೇ. ಏಪ್ರಿಲ್-ಮೇನಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ, ಏಳರೊಳಗೆ ಮನೆ ಸೇರಿ.

ಮೂರು ತಿಂಗಳು ಬಾಟಲಿ ಲೆಕ್ಕ ಸರಿಯಿದ್ದೂ ತೂಕ ಕದಲದಿದ್ದರೆ, ಮುಟ್ಟು ಏರುಪೇರಾದರೆ, ಥೈರಾಯ್ಡ್ ಮತ್ತು ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಬಗ್ಗೆ ಡಾಕ್ಟರನ್ನು ಕೇಳಿ. ಹೋಗುವಾಗ ತೂಕ ಬರೆದ ಚೀಟಿ ಜೊತೆಗಿರಲಿ.