ಟರ್ನ್‌ಟೇಬಲ್ ತೋಳು ಹಟ ಮಾಡುತ್ತಿದೆಯೇ? ಮೊದಲು ಎಣ್ಣೆ ಡಬ್ಬಿ ದೂರ ಇಡಿ

ರೆಕಾರ್ಡ್ ಅರ್ಧಕ್ಕೆ ಬರುವಾಗ ಮುಳ್ಳು ಒಂದೇ ಗೆರೆಯಲ್ಲಿ ಸುತ್ತತೊಡಗುತ್ತದೆ. ಇಲ್ಲವೇ ಹಾಡು ಮುಗಿದರೂ ತೋಳು ತನ್ನ ಜಾಗಕ್ಕೆ ವಾಪಸ್ ಹೋಗುವುದಿಲ್ಲ. ಆಗ ಹೆಚ್ಚಿನವರು ತೋಳನ್ನು ಕೈಯಿಂದ ತಳ್ಳುತ್ತಾರೆ, ಇಲ್ಲವೇ ಅದರ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತಾರೆ. ಹೀಗೆ ಹಾಳಾದ ಒಳ್ಳೊಳ್ಳೆ ಸೆಟ್‌ಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. 1960-70ರ ದಶಕದ ಯಂತ್ರಗಳಲ್ಲಿ ತೋಳು ಕೆಟ್ಟಿರುವುದು ಕಡಿಮೆ. ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಕೆಳಗೆ ಗಟ್ಟಿಯಾದ ಗ್ರೀಸ್ ಅದನ್ನು ಹಿಡಿದಿಟ್ಟಿರುವುದೇ ಜಾಸ್ತಿ.

ಹೆಜ್ಜೆ 1: ಪ್ಲಗ್ ತೆಗೆಯಿರಿ.

ಹೆಜ್ಜೆ 2: ಸೆಟ್ ಸಮಮಟ್ಟದಲ್ಲಿ ಕೂತಿದೆಯೇ ನೋಡಿ. ಮುಳ್ಳಿನ ತುದಿಯಲ್ಲಿ ಧೂಳಿನ ಉಂಡೆ ಇದ್ದರೆ ತೆಗೆಯಿರಿ. ಆಮೇಲೆ ಮುಳ್ಳಿಗೆ ಅದರ ಮುಚ್ಚಳ ಹಾಕಿ.

ಹೆಜ್ಜೆ 3: ಎಲ್ಲರೂ ಬಿಟ್ಟುಬಿಡುವುದು ಇದನ್ನೇ, ಹಾಗಾಗಿ ನಿಧಾನವಾಗಿ ಮಾಡಿ. ಆಂಟಿ-ಸ್ಕೇಟ್ (ತೋಳು ಒಳಗೆ ಎಳೆದುಕೊಂಡು ಹೋಗದಂತೆ ತಡೆಯುವ ಹೊಂದಾಣಿಕೆ) ಸೊನ್ನೆಗೆ ತನ್ನಿ. ಸ್ಪ್ರಿಂಗಿನಿಂದ ಭಾರ ಕೊಡುವ ತೋಳಾದರೆ ಆ ಭಾರದ ಡಯಲ್ ಕೂಡ ಸೊನ್ನೆಗೆ. ತೋಳು ಎತ್ತುವ ಲಿವರ್ ಕೆಳಗಿರಲಿ. ಈಗ ತೋಳಿನ ಹಿಂಬದಿಯ ತೂಕದ ಗುಂಡು, ಅಂದರೆ ಕೌಂಟರ್‌ವೇಟ್, ತಿರುಗಿಸುತ್ತಾ ಹೋಗಿ. ತೋಳು ತಕ್ಕಡಿ ದಂಡಿಗೆಯ ಹಾಗೆ ನೆಟ್ಟಗೆ ತೇಲಬೇಕು. ಆಮೇಲೆ ಮೆಲ್ಲಗೆ ಊದಿ. ಅಷ್ಟಕ್ಕೇ ಅದು ಅತ್ತಿಂದಿತ್ತ ಜಾರಬೇಕು.

ಜಾರದಿದ್ದರೆ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಕೆಳಗಿನ ಯಾವುದೋ ಲಿವರ್ ತಗಲುತ್ತಿದೆ. ಹೋದಷ್ಟೇ ವಾಪಸ್ ಎಳೆದುಕೊಂಡರೆ ತೋಳಿನ ಬುಡದಿಂದ ಇಳಿಯುವ ತೆಳು ವೈರ್‌ಗಳು ತಿರುಚಿಕೊಂಡಿವೆ ಅಥವಾ ಬಿರುಸಾಗಿವೆ. ಅವನ್ನು ಬಿಡಿಸಿ ಸಡಿಲವಾಗಿ ಬಳುಕುವ ಹಾಗೆ ಇಡಿ. ಎಲ್ಲೆಂದರಲ್ಲಿ ತಡೆ ಸಿಕ್ಕರೆ ಬೇರಿಂಗ್ ಮೇಲೆ ಅನುಮಾನಪಡಿ. ಆಟೊಮ್ಯಾಟಿಕ್ ಸೆಟ್‌ನಲ್ಲಿ ಕೊನೆಯ ಗೆರೆಗಳ ಹತ್ತಿರ ತುಸು ತಡೆ ಇರುವುದು ಸಹಜ, ಅದಕ್ಕೆ ಹೆದರಬೇಡಿ. ತೋಳಿನ ಮುಂದಿನ ತುದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಬುಡ ಗಡಗಡ ಎಂದರೆ ಬೇರಿಂಗ್ ಸಡಿಲವಾಗಿದೆ. ಅದರ ಸ್ಕ್ರೂ ಬಿಗಿಮಾಡುವುದಾದರೆ ಕೂದಲೆಳೆಯಷ್ಟೇ. ಜಾಸ್ತಿ ಬಿಗಿದರೆ ಬೇರಿಂಗ್‌ನಲ್ಲಿ ಕುಳಿ ಬೀಳುತ್ತದೆ. ಆ ಕುಳಿ ಮತ್ತೆ ಸರಿಹೋಗುವುದಿಲ್ಲ.

ಹೆಜ್ಜೆ 4: ಪ್ಲ್ಯಾಟರ್ ತೆಗೆದು ದೊಡ್ಡ ಕ್ಯಾಮ್ ಗಿಯರನ್ನು (ತೋಳನ್ನು ಎತ್ತಿ ಸರಿಸುವ ಹಲ್ಲಿನ ಚಕ್ರ) ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಬಲ ಹಾಕಬೇಡಿ. ಒಣಗಿ ಅಂಟಾದ ಗ್ರೀಸ್ ಅಲ್ಲೇ ಕಾಣುತ್ತದೆ. ಏನನ್ನೇ ಬಿಚ್ಚುವ ಮೊದಲೂ ಒಂದು ಫೋಟೊ ತೆಗೆದುಕೊಳ್ಳಿ, ಸಣ್ಣ ಕ್ಲಿಪ್‌ಗಳು ಹಾರಿಹೋಗುತ್ತವೆ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆಯದನ್ನೆಲ್ಲ ಒರೆಸಿ. ಹಳೆಯದರ ಮೇಲೇ ಹೊಸ ಗ್ರೀಸ್ ಬಳಿಯುವ ಅಡ್ಡದಾರಿ ಬೇಡ, ಎರಡೂ ಸೇರಿ ಕೆಸರಾಗುತ್ತದೆ. ಜಾರುವ ಜಾಗಕ್ಕೆ ಮಾತ್ರ ತೆಳುವಾಗಿ ಹೊಸದು ಸವರಿ. ಪ್ಲಾಸ್ಟಿಕ್ ಭಾಗವಿದ್ದರೆ ಪ್ಲಾಸ್ಟಿಕ್‌ಗೆ ಹೊಂದುವ ಗ್ರೀಸನ್ನೇ ತನ್ನಿ.

ಒಂದು ಜಾಗಕ್ಕೆ ಮಾತ್ರ ಒರೆಸಿದ ಮೇಲೆ ಎಣ್ಣೆ, ಗ್ರೀಸ್ ಏನೂ ಹಾಕಬೇಡಿ, ಒಣಗಿಯೇ ಇರಲಿ. ಗಿಯರ್ ಮೇಲೆ ಕೂತ ಒಂದು ಪುಟ್ಟ ಹಗುರ ಕೊಂಡಿ ಇರುತ್ತದೆ, ಅದನ್ನು ಟ್ರಿಪ್ ಪಾಲ್ ಎನ್ನುತ್ತಾರೆ. ಹಾಡು ನಡೆಯುವಾಗ ತೋಳು ಅದನ್ನು ಚೂರುಚೂರೇ ತಳ್ಳುತ್ತದೆ, ಪ್ರತಿ ಸುತ್ತಿಗೂ ಅದು ಹಿಂದೆ ಸರಿಯುತ್ತದೆ. ಕೊನೆಯಲ್ಲಿ ಗೆರೆಗಳು ದೂರದೂರ ಇರುವುದರಿಂದ ತೋಳು ಬೇಗ ಒಳಗೆ ಬರುತ್ತದೆ. ಆಗ ಕೊಂಡಿ ಹಿಂದೆ ಸರಿಯಲು ಸಮಯ ಸಿಗದೆ ಗಿಯರಿಗೆ ಸಿಕ್ಕಿಕೊಳ್ಳುತ್ತದೆ, ತೋಳು ಎದ್ದು ವಾಪಸ್ ಹೋಗುತ್ತದೆ. ಅಲ್ಲಿ ಒಂದು ಹನಿ ಎಣ್ಣೆ ಬಿದ್ದು ಕೊಂಡಿ ಅಂಟಿಕೊಂಡರೆ ಈ ಲೆಕ್ಕವೆಲ್ಲ ಕೆಡುತ್ತದೆ ಅಲ್ವಾ?

ಡ್ಯುಯಲ್ ಕಂಪನಿಯ 1219, 1229ರಂಥ ಸೆಟ್ ನಿಮ್ಮದಾದರೆ ಇನ್ನೊಂದು ಮಾತು. ತೋಳು ಮೇಲೇಳುತ್ತದೆ, ಆದರೆ ಪಕ್ಕಕ್ಕೆ ಸರಿಯುವುದಿಲ್ಲ ಎಂದರೆ ಒಳಗಿನ ಪುಟ್ಟ ರಬ್ಬರ್ ಟೋಪಿ ಸವೆದು ಉದುರಿರುತ್ತದೆ. ಅದನ್ನು ಬದಲಿಸಿ.

ಹೆಜ್ಜೆ 5: ಲಿವರ್ ಇಳಿಸಿದಾಗ ತೋಳು ಧಡ್ ಎಂದು ಬಿದ್ದರೆ ಲಿಫ್ಟ್‌ನೊಳಗಿನ ದಪ್ಪ ಸಿಲಿಕೋನ್ ದ್ರವ ಬತ್ತಿದೆ. ಅದನ್ನೇ ಹಾಕಿ, ಹೊಲಿಗೆ ಯಂತ್ರದ ಎಣ್ಣೆ ಅಲ್ಲ.

ಹೆಜ್ಜೆ 6: ಮುಳ್ಳಿನ ಮುಚ್ಚಳ ತೆಗೆದು ತೋಳನ್ನು ಮತ್ತೆ ತೇಲಿಸಿ. ಕೌಂಟರ್‌ವೇಟ್ ಅಲುಗದಂತೆ ಹಿಡಿದು ಅಂಕಿಯ ಉಂಗುರವನ್ನು ಮಾತ್ರ ಸೊನ್ನೆಗೆ ತನ್ನಿ. ಈಗ ಎರಡನ್ನೂ ಒಟ್ಟಿಗೆ ತಿರುಗಿಸಿ ಕಾರ್ಟ್ರಿಜ್‌ಗೆ (ಮುಳ್ಳು ಕೂರುವ ಪುಟ್ಟ ಡಬ್ಬಿ) ಹೇಳಿದಷ್ಟು ಭಾರ ಕೊಡಿ. ಮ್ಯಾಗ್ನೆಟ್ ಕಾರ್ಟ್ರಿಜ್ ಬಹುತೇಕ 1.5ರಿಂದ 2 ಗ್ರಾಂ ಕೇಳುತ್ತದೆ, ಹಳೆಯ ಸೆರಾಮಿಕ್‌ಗೆ ಅದಕ್ಕಿಂತ ಜಾಸ್ತಿ ಬೇಕು. ಸ್ಪ್ರಿಂಗ್ ತೋಳಾದರೆ ಈ ಭಾರವನ್ನು ಅದರ ಡಯಲ್‌ನಲ್ಲೇ ಕೊಡಿ. ಆಂಟಿ-ಸ್ಕೇಟ್ ಕೂಡ ಅದೇ ಅಂಕಿಗೆ. ಮುಳ್ಳು ಹಾರುತ್ತದೆ ಎಂದು ತೋಳಿನ ಮೇಲೆ ನಾಣ್ಯ ಅಂಟಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಡೆ ಇದ್ದಲ್ಲೇ ಇರುತ್ತದೆ, ಗೆರೆಗಳು ಸವೆಯುತ್ತವೆ.

ಹಿಂದಿರುಗುವ ಸುತ್ತನ್ನು ಐದಾರು ಸಲ ರೆಕಾರ್ಡ್ ಇಲ್ಲದೆ ಸುಮ್ನೆ ಓಡಿಸಿ. ಮೊದಲ ಪರೀಕ್ಷೆಗೆ, ಹಾಳಾದರೂ ಬೇಸರವಾಗದ ರೆಕಾರ್ಡ್ ಹಾಕಿ, ಅದರ ಕೊನೆಯ ಹಾಡಿನಿಂದಲೇ ಶುರು ಮಾಡಿ.