ಬದುವಿನ ಜಗಳ ಠಾಣೆ ಹತ್ತಿದಾಗ: ಆರೋಪಿ ಕಡೆಯವರು ಮಾಡಬೇಕಾದ್ದು, ವಕೀಲರಿಗೆ ಹೇಳಬೇಕಾದ್ದು

ಹೊಲದ ಬದು, ಬಂಡಿದಾರಿ, ಬೋರ್‌ವೆಲ್ ನೀರು. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ನಡೆಯುವ ಎಷ್ಟೋ ಹೊಡೆದಾಟದ ಕೇಸುಗಳ ಬೇರು ಇಲ್ಲೇ ಇರುತ್ತದೆ. ಎಫ್‌ಐಆರ್‌ನಲ್ಲಿ ಬೀಳುವ ಕಲಂಗಳೂ ಹೆಚ್ಚುಕಡಿಮೆ ಒಂದೇ ಬಗೆಯವು: ಭಾರತೀಯ ನ್ಯಾಯ ಸಂಹಿತೆಯ 115(2) (ಪೆಟ್ಟು), 118(1) (ಆಯುಧದಿಂದ ಪೆಟ್ಟು), 126(2) (ಅಡ್ಡಗಟ್ಟುವುದು), 352 (ಕೆಣಕುವ ಅವಮಾನ), 351(2) (ಬೆದರಿಕೆ), ಜೊತೆಗೆ 3(5) (ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು). ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ಐಪಿಸಿಯ 323, 324, 341, 504, 506, 34.

ಮೊದಲು ನೋಡಬೇಕಾದ್ದು ಈ ಸಾಲಿನಲ್ಲಿ 118(1) ಇದೆಯೇ ಎಂಬುದನ್ನು. ಇವುಗಳಲ್ಲಿ ಜಾಮೀನುರಹಿತ ಕಲಂ, ಅಂದರೆ ಜಾಮೀನು ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟ ಕಲಂ, ಅದೊಂದೇ. ಬರಿಗೈಯಲ್ಲಿ ಹೊಡೆದದ್ದಾದರೆ 115(2), ಅಲ್ಲಿ ಜಾಮೀನು ನಿಮ್ಮ ಹಕ್ಕು. ಕುಡುಗೋಲು, ಮಚ್ಚಿನ ಮಾತು ದೂರಿನಲ್ಲಿ ಬಂದರೆ 118(1), ಮೂರು ವರ್ಷದವರೆಗೆ ಶಿಕ್ಷೆ. ಆಯುಧದ ಏಟಿಗೆ ಮೂಳೆ ಮುರಿದಿದೆ ಎಂದಾದರೆ 118(2): ಕನಿಷ್ಠ ಒಂದು ವರ್ಷ, ಗರಿಷ್ಠ ಜೀವಾವಧಿ. ಆದ್ದರಿಂದ ಈ ಕೇಸುಗಳ ಭಾರ ನಿಂತಿರುವುದು ಎರಡು ಕಾಗದಗಳ ಮೇಲೆ. ಒಂದು, ಮೊದಲ ದೂರಿನಲ್ಲಿ ಆಯುಧದ ಬಗ್ಗೆ ಬರೆದಿರುವ ಸಾಲು. ಇನ್ನೊಂದು, ಆಸ್ಪತ್ರೆಯ ಗಾಯದ ಪ್ರಮಾಣಪತ್ರ. ವಕೀಲರು ಇವನ್ನೇ ಮೊದಲು ಕೇಳುತ್ತಾರೆ.

ಎಫ್‌ಐಆರ್ ಪ್ರತಿಗಾಗಿ ಠಾಣೆಗೇ ಹೋಗಿ ನಿಲ್ಲಬೇಕಾಗಿಲ್ಲ. ದಾಖಲಾದ 24 ಗಂಟೆಯೊಳಗೆ ಅದು ಪೊಲೀಸ್ ವೆಬ್‌ಸೈಟ್‌ನಲ್ಲಿ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಕ್ರೈಂ ನಂಬರ್, ಠಾಣೆಯ ಹೆಸರು, ತಾರೀಖು ಗೊತ್ತಿದ್ದರೆ ಸಾಕು, ಉಳಿದದ್ದನ್ನು ವಕೀಲರ ಗುಮಾಸ್ತರೇ ತೆಗೆಸುತ್ತಾರೆ.

ಮೊದಲ ಎರಡು ದಿನ

ನಿಮ್ಮ ಕಡೆಯವರಿಗೂ ಪೆಟ್ಟು ಬಿದ್ದಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೇಗೆ, ಯಾರಿಂದ ಗಾಯವಾಯಿತು ಎಂದು ವೈದ್ಯರಿಗೆ ಸರಿಯಾಗಿ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯಗಳ) ರಿಜಿಸ್ಟರ್‌ನಲ್ಲಿ ಬರೆಸಿ. ಮನೆಯಲ್ಲೇ ಅರಿಶಿನ ಹಚ್ಚಿಕೊಂಡು ಮಲಗಿ, ವಾರ ಕಳೆದ ಮೇಲೆ ಪ್ರತಿದೂರು ಕೊಟ್ಟರೆ ಅದನ್ನು ಯಾರೂ ನಂಬುವುದಿಲ್ಲ. ತಪ್ಪಿಸಿಕೊಳ್ಳಲು ಹೂಡಿದ ಆಟ ಎಂದು ಎದುರು ಕಡೆಯವರು ವಾದಿಸುತ್ತಾರೆ. ಹತ್ತಿರದ ಅಂಗಡಿಯ ಸಿಸಿಟಿವಿಯಲ್ಲಿ ಘಟನೆ ಸೆರೆಯಾಗಿದ್ದರೆ ಕೂಡಲೇ ಪ್ರತಿ ಕೇಳಿ, ಹಳೆಯ ರೆಕಾರ್ಡಿಂಗ್ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಆ ದೃಶ್ಯ ಮುಂದೆ ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದನ್ನು ವಕೀಲರ ಮೂಲಕವೇ ಮಾಡಿಸಿ.

ನಿಮ್ಮ ಫೋನಿನಿಂದ ಒಂದು ಮೆಸೇಜನ್ನೂ ಅಳಿಸಬೇಡಿ. ಸಾಕ್ಷ್ಯ ನಾಶವೇ ಬೇರೆ ಅಪರಾಧ. ದೂರುದಾರರ ಮನೆಗೆ ಹೋಗಿ ‘ಕೇಸ್ ವಾಪಸ್ ತಗೊಳ್ರೀ’ ಎನ್ನುವುದೂ ಬೇಡ. ಒಳ್ಳೆಯ ಮಾತಿನಲ್ಲೇ ಹೇಳಿದರೂ ಅದು ಬೆದರಿಕೆಯ ಇನ್ನೊಂದು ದೂರಾಗಬಹುದು, ಜಾಮೀನಿಗೂ ತೊಡಕಾಗಬಹುದು. ರಾಜಿ ಮಾತೇನಿದ್ದರೂ ಎರಡೂ ಕಡೆಯ ವಕೀಲರ ಮುಂದೆ.

ವಕೀಲರನ್ನು ಹಿಡಿಯುವುದು

ಜಮೀನಿನ ದಾವೆ ನಡೆಸುವ ಸಿವಿಲ್ ವಕೀಲರು ನಂಬಿಕಸ್ಥರಿರಬಹುದು. ಆದರೆ ನಿಮಗೆ ಬೇಕಾದವರು ಆ ಠಾಣೆಯ ಕೇಸುಗಳು ಹೋಗುವ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ದಿನವೂ ಕ್ರಿಮಿನಲ್ ಕೇಸು ನಡೆಸುವವರು. ಸೆಷನ್ಸ್ ಕೋರ್ಟಿಗೂ ಅವರೇ ಹೋಗುತ್ತಾರೆಯೇ ಎಂದು ಕೇಳಿಕೊಳ್ಳಿ, ಬಂಧನಕ್ಕೆ ಮುಂಚೆಯೇ ಪಡೆಯುವ ನಿರೀಕ್ಷಣಾ ಜಾಮೀನು ಸಿಗುವುದು ಅಲ್ಲಿ ಅಥವಾ ಹೈಕೋರ್ಟಿನಲ್ಲಿ.

ಮೊದಲ ಭೇಟಿಗೆ ಹೋಗುವಾಗ ಎಫ್‌ಐಆರ್, ಆಧಾರ್, ಪಹಣಿ, ಹಳೆಯ ದಾವೆಯ ಕಾಗದ, ಆಸ್ಪತ್ರೆ ಚೀಟಿ ತೆಗೆದುಕೊಂಡು ಹೋಗಿ. ಘಟನೆಯನ್ನು ಗಂಟೆವಾರು ಬರೆದ ಒಂದು ಹಾಳೆಯೂ ಇರಲಿ. ಯಾರಿಗೂ ವಾಟ್ಸ್ಆ್ಯಪ್ ಮಾಡದೆ ಅದನ್ನು ವಕೀಲರ ಕೈಗೇ ಕೊಡಿ. ನೀವು ಅವರಿಗೆ ಹೇಳಿದ್ದು ಗೋಪ್ಯ, ಅದಕ್ಕೆ ಕಾನೂನಿನ ರಕ್ಷಣೆಯಿದೆ. ಹೊಡೆದದ್ದು ನಿಜವಾದರೆ ಹೊಡೆದೆ ಎನ್ನಿ. ಕೈಯಲ್ಲಿ ಸಲಿಕೆ ಇದ್ದರೆ ಅದನ್ನೂ ಹೇಳಿ. ಹಳೆಯ ಕೇಸುಗಳಿದ್ದರೆ ಒಂದನ್ನೂ ಮುಚ್ಚಿಡಬೇಡಿ. ಕಕ್ಷಿದಾರರು ಮುಚ್ಚಿಟ್ಟ ಸಂಗತಿ ಜಾಮೀನು ಅರ್ಜಿಯ ದಿನ ಸರ್ಕಾರಿ ಅಭಿಯೋಜಕರ ಬಾಯಿಂದ ಬಂದರೆ, ನಿಮ್ಮ ವಕೀಲರ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಇಷ್ಟೂ ಕೇಸುಗಳಲ್ಲಿ ತಪ್ಪಿಸಬಹುದಾದ ನಷ್ಟವೆಂದರೆ ಇದೇ.

ಫೀಸಿನ ಮಾತು ಅಂದೇ ಆಗಲಿ. ಜಾಮೀನಿಗೆ ಎಷ್ಟು, ವಿಚಾರಣೆಗೆ ಎಷ್ಟು, ಹೈಕೋರ್ಟಿಗೆ ಹೋಗಬೇಕಾದರೆ ಬೇರೆಯೇ, ಟೈಪಿಂಗ್ ಮತ್ತು ನಕಲು ಖರ್ಚು ಯಾರದು ಎಂದು ಬಿಡಿಸಿ ಕೇಳಿ, ಬರೆದುಕೊಳ್ಳಿ. ‘ಗೆದ್ದರೆ ಇಷ್ಟು’ ಎಂಬ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. ‘ಸಾಹೇಬ್ರಿಗೆ ಕೊಡಬೇಕು’ ಎಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೈಯಲ್ಲಿ ಹಣವಿಲ್ಲದಿದ್ದರೆ ಕೋರ್ಟು ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ, ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಫೋನ್ 15100. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು.

ನೋಟಿಸ್, ಬಂಧನ

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕಾರಣ ಬರೆಯದೆ ಬಂಧಿಸುವಂತಿಲ್ಲ. ಸಾಮಾನ್ಯವಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರಡಿ ಹಾಜರಾಗಿ ಎನ್ನುವ ನೋಟಿಸ್ ಬರುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಸರಿಯಾದ ಜಾರಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹಾಗೆಂದು ಸುಮ್ಮನಿರಬೇಡಿ, ಬಂದ ಕೂಡಲೇ ವಕೀಲರಿಗೆ ತೋರಿಸಿ. ನೋಟಿಸಿನಂತೆ ಹಾಜರಾಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ.

ಠಾಣೆಯಲ್ಲಿ ಹೆಸರು, ವಿಳಾಸ ಹೇಳಿ. ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡದಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ. ‘ವಕೀಲರನ್ನು ಕೇಳಿ ಹೇಳ್ತೀನಿ ಸಾರ್’ ಎಂದು ತಗ್ಗಿದ ದನಿಯಲ್ಲಿ ಹೇಳಿದರೆ ಸಾಕು. ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಖಂಡಿತ ಬೇಡ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ನಿಜ, ಆದರೆ ನೀವು ತೋರಿಸಿದ ಜಾಗದಿಂದ ಮಚ್ಚು ಸಿಕ್ಕರೆ ಹೇಳಿಕೆಯ ಆ ಭಾಗ ಸಾಕ್ಷ್ಯವಾಗುತ್ತದೆ.

ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಠಾಣೆಯಲ್ಲಿ ಪೆಟ್ಟು ಬಿದ್ದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆಯೇ ಬಾಯಿಬಿಟ್ಟು ಹೇಳಿ. ನ್ಯಾಯಾಧೀಶರು ಕೇಳಲಿ ಎಂದು ಕಾಯಬೇಡಿ.

ಜಾತಿ ನಿಂದನೆಯ ಆರೋಪವಿದ್ದು ಪರಿಶಿಷ್ಟ ಜಾತಿ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಸೇರಿದ್ದರೆ ನಿರೀಕ್ಷಣಾ ಜಾಮೀನಿಗೆ ಆ ಕಾಯ್ದೆಯ ಕಲಂ 18 ಅಡ್ಡ ಬರುತ್ತದೆ. ಇದನ್ನು ವಕೀಲರಿಗೆ ಮೊದಲ ಮಾತಿನಲ್ಲೇ ಹೇಳಬೇಕು.

ಜಾಮೀನು ಆದೇಶವಾದ ಮೇಲೂ ಬಿಡುಗಡೆ ತಡವಾಗುವುದು ಬಹುಪಾಲು ಶ್ಯೂರಿಟಿಯ (ನಿಮಗೆ ಹೊಣೆ ನಿಲ್ಲುವವರ) ಕಾಗದದಿಂದ. ಆದೇಶಕ್ಕೆ ಮುಂಚೆಯೇ ಒಬ್ಬಿಬ್ಬರನ್ನು ಗೊತ್ತು ಮಾಡಿಕೊಳ್ಳಿ: ಹೊಸ ಪಹಣಿ, ಆಧಾರ್, ಫೋಟೊ. ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗದಿದ್ದರೆ, ಜಮೀನು ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದ್ದರೆ, ಅವರು ಕೆಲಸಕ್ಕೆ ಬರುವುದಿಲ್ಲ. ಜೈಲಿನಲ್ಲೇ ಉಳಿದವರು 60 ದಿನ ಲೆಕ್ಕವಿಡಿ. ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಗಂಭೀರ ಅಪರಾಧಕ್ಕೆ 90. ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ, ಆದರೆ ಚಾರ್ಜ್‌ಶೀಟ್ ಬೀಳುವ ಮೊದಲೇ ಅರ್ಜಿ ಹಾಕಿರಬೇಕು.

ಚಾರ್ಜ್‌ಶೀಟ್ ಬಂದ ಮೇಲೆ

ನೀವು ಹಾಜರಾದ 14 ದಿನದೊಳಗೆ ಎಲ್ಲ ದಾಖಲೆಗಳ ಪ್ರತಿ ಉಚಿತವಾಗಿ ಸಿಗಬೇಕು. ವಕೀಲರ ಜೊತೆ ಕೂತು ಪುಟಪುಟ ಓದಿ. ಮಹಜರಿನ (ಸ್ಥಳ ಪರಿಶೀಲನೆಯ) ಪಂಚರು, ಅಂದರೆ ಅದಕ್ಕೆ ಸಾಕ್ಷಿ ಸಹಿ ಹಾಕಿದವರು, ಯಾವ ಊರಿನವರು, ಸಾಕ್ಷಿಗಳು ದೂರುದಾರರಿಗೆ ಏನಾಗಬೇಕು, ನಕ್ಷೆಯಲ್ಲಿ ತೋರಿಸಿದ ಮರ ನಿಜಕ್ಕೂ ಅಲ್ಲಿದೆಯೇ — ಇವು ವಕೀಲರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಪಾಟಿ ಸವಾಲಿನ (ಎದುರು ಕಡೆಯ ಸಾಕ್ಷಿಯನ್ನು ನಮ್ಮ ವಕೀಲರು ಪ್ರಶ್ನಿಸುವುದರ) ಬಲ ಇಲ್ಲಿಂದಲೇ ಬರುವುದು. ಕೇಸು ನಿಲ್ಲುವಂತೆಯೇ ಇಲ್ಲದಿದ್ದರೆ, ಪ್ರತಿ ಸಿಕ್ಕ 60 ದಿನದೊಳಗೆ ವಿಚಾರಣೆಗೆ ಮುಂಚೆಯೇ ಕೇಸಿನಿಂದ ಕೈಬಿಡಿ ಎನ್ನುವ ಬಿಡುಗಡೆ (ಡಿಸ್ಚಾರ್ಜ್) ಅರ್ಜಿ ಹಾಕುವ ಬಗ್ಗೆ ಕೇಳಿ.

ವಾಯಿದೆ ತಪ್ಪಿಸಬೇಡಿ. ನಿಮ್ಮ ಕೇಸಿಗೆ ಕೋರ್ಟು ಕೊಡುವ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ತಾರೀಖು ನೀವೇ ನೋಡಿಕೊಳ್ಳಿ. ಬರಲಾಗದಿದ್ದರೆ ಹಿಂದಿನ ದಿನವೇ ಕಾರಣ ಮತ್ತು ಕಾಗದ ಕೊಡಿ, ವಕೀಲರು ವಿನಾಯಿತಿ ಅರ್ಜಿ ಹಾಕುತ್ತಾರೆ. ಸುಮ್ಮನೆ ಗೈರಾದರೆ ವಾರಂಟ್, ಶ್ಯೂರಿಟಿಯವರಿಗೂ ನೋಟಿಸ್.

ವಕೀಲರು ಫೋನೇ ಎತ್ತದಿದ್ದರೆ ಬದಲಾಯಿಸಬಹುದು. ಹೊಸಬರ ವಕಾಲತ್ತಿಗೆ (ಕೇಸು ನಡೆಸುವ ಅಧಿಕಾರಪತ್ರಕ್ಕೆ) ಹಳಬರಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲವೆಂಬ ಬರಹ, ಕೇಳಿ. ಫೀಸು ಬಾಕಿಯಿದೆ ಎಂದು ಅವರು ಕೇಸಿನ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ. ಬದಲಾಯಿಸುವುದಾದರೆ ಮುಖ್ಯ ಸಾಕ್ಷಿಯ ಪಾಟಿ ಸವಾಲಿಗೆ ಮುಂಚೆಯೇ ಬದಲಾಯಿಸಿ.

ತೀರ್ಪಿನ ದಿನ ಶ್ಯೂರಿಟಿಯವರನ್ನು ಕಾಗದಗಳ ಸಮೇತ ಕೋರ್ಟಿಗೆ ಕರೆತನ್ನಿ. ಖುಲಾಸೆಯಾದರೂ, ಮೇಲ್ಮನವಿಯಾದರೆ ಮೇಲಿನ ಕೋರ್ಟಿಗೆ ಹಾಜರಾಗುತ್ತೇನೆ ಎಂಬ ಆರು ತಿಂಗಳ ಮುಚ್ಚಳಿಕೆ ಕೇಳಬಹುದು. ಶಿಕ್ಷೆಯಾಗಿ ಅದು ಮೂರು ವರ್ಷ ಮೀರದಿದ್ದರೆ, ಮೇಲ್ಮನವಿ ಹಾಕುವವರೆಗೆ ಅದೇ ಕೋರ್ಟು ಜಾಮೀನು ಕೊಡಬಹುದು. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 30 ದಿನ. ತೀರ್ಪಿನ ಪ್ರತಿಯನ್ನು ಅಂದೇ ಉಚಿತವಾಗಿ ಕೇಳಿ ಪಡೆಯಿರಿ.