ಗೋಳಗುಮ್ಮಟದಲ್ಲಿ ಒದರಬೇಡಿ: ವಿಜಯಪುರವನ್ನು ಒಂದು ದಿನದಲ್ಲಿ ನೋಡುವ ಬಗೆ

ವರ್ಷಕ್ಕೆ ನಾಲ್ಕೈದು ಸಲವಾದರೂ ನಮ್ಮ ಮನೆಗೆ ನೆಂಟರು ಬರುತ್ತಾರೆ. ನನ್ನ ಮೇಲಿನ ಪ್ರೀತಿಗಲ್ಲ, ಗುಮ್ಮಟ ನೋಡಲಿಕ್ಕೆ. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಸಡ್ಡಕರು ಹೆಂಡತಿ ಮಕ್ಕಳ ಜೊತೆ ಬಂದಿದ್ದರು. ಬೇಡ ಬೇಡ ಅಂದರೂ ಭಾನುವಾರ ಹನ್ನೊಂದು ಗಂಟೆಗೆ ಗುಮ್ಮಟ ಹತ್ತಿದರು. ಒಂದೂವರೆಗೆ ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದವರೇ, ‘ಬರೀ ಗಲಾಟೆ ಕಣ್ರೀ, ಪಿಸುಮಾತು ಗಿಸುಮಾತು ಏನೂ ಕೇಳಿಸ್ಲಿಲ್ಲ’ ಅಂದರು. ಹೇಗೆ ಕೇಳಿಸಬೇಕು? ಶಾಲಾ ಪ್ರವಾಸದ ತಿಂಗಳು. ಮೇಲೆ ಮುನ್ನೂರು ಹುಡುಗರು ಒಟ್ಟಿಗೆ ‘ಹೋ’ ಅನ್ನುತ್ತಿದ್ದರೆ ಗುಮ್ಮಟವಾದರೂ ಏನು ಮಾಡೀತು?

ಮರುದಿನ ಬೆಳಗ್ಗೆ ನಾನೇ ಕರೆದುಕೊಂಡು ಹೋದೆ. ಆ ದಿನ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನ ಆರಿಸಿಕೊಳ್ಳಿ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬರಲೇಬೇಡಿ. ಭಾನುವಾರ, ರಜಾದಿನ ಬೇಡ. ಗುಮ್ಮಟದ ಎದುರಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ. ಉಳಿದ ಯಾವ ದಿನವಾದರೂ ಆದೀತು.

ಬೆಳಗಾಗುತ್ತಲೇ ಗುಮ್ಮಟ

ರೈಲಿನಲ್ಲಿ ಬಂದರೆ ನಿಲ್ದಾಣದಿಂದ ಗುಮ್ಮಟ ಹತ್ತಿರ, ಚೀಲ ಹಗುರವಿದ್ದರೆ ನಡೆದೇ ಹೋಗಬಹುದು. ಇಳಿಯುತ್ತಲೇ ‘ಎಂಟು ಪಾಯಿಂಟ್ ತೋರಸ್ತೀನ್ರಿ’ ಅನ್ನುವ ಆಟೋದವರಿಗೆ ಕೈ ಮುಗಿಯಿರಿ. ಎಂಟೂ ತೋರಿಸುತ್ತಾರೆ, ಸುಳ್ಳಲ್ಲ. ಆದರೆ ಒಂದೊಂದಕ್ಕೂ ಸಿಗುವುದು ಒಂದು ಫೋಟೋದಷ್ಟು ಹೊತ್ತು.

ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಟಿಕೆಟನ್ನು ಮೊಬೈಲಿನಲ್ಲೇ ಮೊದಲೇ ತೆಗೆದಿಟ್ಟುಕೊಳ್ಳಿ. ಒಳಗೆ ಹೋದ ತಕ್ಷಣ ಕೆಳಗೆ ಸಮಾಧಿಗಳ ಹತ್ತಿರ ನಿಂತು ಹೊತ್ತು ಕಳೆಯಬೇಡಿ. ಗುಮ್ಮಟ ಕಟ್ಟಿಸಿದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹ ಅಲ್ಲಿ 1656ರಿಂದ ಮಲಗಿದ್ದಾನೆ, ಇನ್ನೊಂದು ಗಂಟೆ ಕಾಯುತ್ತಾನೆ. ನೀವು ಮೊದಲು ಮೇಲೆ ಹೋಗಿ.

ನಾಲ್ಕು ಮೂಲೆಗೂ ಏಳೇಳು ಅಂತಸ್ತಿನ ಮಿನಾರುಗಳಿವೆ. ಮೆಟ್ಟಿಲು ಅವುಗಳೊಳಗೇ. ಕಿರಿದು, ಎತ್ತರ, ಅಲ್ಲಲ್ಲಿ ಕತ್ತಲು. ಒಂದೊಂದು ಅಂತಸ್ತಿಗೂ ಕಿಟಕಿ ಸಿಗುತ್ತದೆ, ನಿಂತು ಉಸಿರು ಬಿಡಿ. ಮೊಣಕಾಲು ನೋವಿದ್ದವರು ಕೆಳಗೇ ಇರಲಿ, ಹಟ ಬೇಡ. ಹತ್ತುವುದಕ್ಕಿಂತ ಇಳಿಯುವುದು ಜಾಸ್ತಿ ಕಷ್ಟ.

ಪಿಸುಮಾತು ಕೇಳುವ ಕ್ರಮ

ಮೆಟ್ಟಿಲು ಮುಗಿದರೆ ಛಾವಣಿ. ಅಲ್ಲಿಂದ ಗುಮ್ಮಟದ ಬುಡದ ದಪ್ಪ ಗೋಡೆಯನ್ನು ಹಾಯ್ದು ಒಳಗಿನ ಗ್ಯಾಲರಿಗೆ ಹೋಗಲು ಎಂಟು ಸಣ್ಣ ಬಾಗಿಲುಗಳಿವೆ. ಇದನ್ನು ಗಮನಿಸದವರೇ ಜಾಸ್ತಿ. ಎಲ್ಲರೂ ಮೊದಲು ಕಂಡ ಬಾಗಿಲಿನಲ್ಲಿ ನುಗ್ಗಿ, ಅಲ್ಲೇ ನಿಂತು ಕೂಗಿ, ಅಲ್ಲಿಂದಲೇ ವಾಪಸ್ ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಇಬ್ಬರು ಒಂದು ಬಾಗಿಲಿನ ಹತ್ತಿರ ನಿಲ್ಲಿ. ಇನ್ನಿಬ್ಬರು ಛಾವಣಿಯ ಮೇಲೇ ಸುತ್ತು ಹಾಕಿ, ಬಾಗಿಲು ಎಣಿಸುತ್ತ ನಾಲ್ಕನೆಯದಕ್ಕೆ ಹೋಗಲಿ. ಅದು ಸರಿಯಾಗಿ ನಿಮ್ಮ ಎದುರಿನದು. ನಡುವೆ ಸುಮಾರು 38 ಮೀಟರ್ ಬಯಲು. ಒಂದು ಕಂಬವೂ ಇಲ್ಲ. ಒಂದನ್ನೊಂದು ಹೆಣೆದ ಕಮಾನುಗಳೇ ಇಷ್ಟು ದೊಡ್ಡ ಗುಮ್ಮಟವನ್ನು ಹೊತ್ತಿವೆ.

ಒಳಗೆ ಹೋದ ಮೇಲೆ ಎರಡು ನಿಮಿಷ ಸುಮ್ನೆ ಕೂತುಬಿಡಿ. ಬೆನ್ನು ಗೋಡೆಗೆ ಇರಲಿ. ನಿಮ್ಮ ಚಪ್ಪಲಿಯ ಸದ್ದು, ಚೀಲದ ಜಿಪ್ಪಿನ ಸದ್ದು ಎಲ್ಲ ಅಡಗಬೇಕು. ಆಮೇಲೆ ಒಬ್ಬರು ಗೋಡೆಯ ಕಡೆ ಮುಖ ತಿರುಗಿಸಿ, ಬಾಯಿ ಗೋಡೆಯಿಂದ ಒಂದು ಗೇಣು ದೂರ ಇಟ್ಟುಕೊಂಡು, ಗೋಡೆಗುಂಟ ಮಾತಾಡಬೇಕು. ಎದುರಿನವರ ಕಡೆಗಲ್ಲ, ಗೋಡೆಗುಂಟ. ಎದುರಿನವರು ಕಿವಿಯನ್ನು ಗೋಡೆಯ ಹತ್ತಿರ ಇಡಬೇಕು.

ಗಂಟಲು ತೆರೆಯಬೇಡಿ. ಮಲಗಿದ ಮಗು ಎಚ್ಚರಾಗದ ಹಾಗೆ ಹೆಂಡತಿಗೆ ಏನಾದರೂ ಹೇಳುತ್ತೀರಲ್ವಾ, ಅಷ್ಟೇ ದನಿ. ದುಂಡು ಗೋಡೆಯಲ್ಲಿ ಸಣ್ಣ ಸದ್ದು ಗೋಡೆಗೆ ಅಂಟಿಕೊಂಡಂತೆ ಜಾರುತ್ತ ಆಚೆ ದಂಡೆ ಮುಟ್ಟುತ್ತದೆ. ಜೋರಾಗಿ ಕೂಗಿದರೆ ಸದ್ದು ಗುಮ್ಮಟದ ತುಂಬ ಹರಡಿ, ಅಲ್ಲಿ ಇಲ್ಲಿ ಬಡಿದು ಮತ್ತೆ ಮತ್ತೆ ಮರಳಿ ಬರುತ್ತದೆ. ಮೊದಲ ಮಾತು ಸಾಯುವ ಮೊದಲೇ ಎರಡನೆಯದು ಅದರ ಮೇಲೆ ಬೀಳುತ್ತದೆ. ಉಳಿಯುವುದು ಬರೀ ಗದ್ದಲ.

ಮಾತಿಗಿಂತ ಕಾಗದ ಒಳ್ಳೆಯದು ಅನ್ನುವುದು ನನ್ನ ಅನುಭವ. ಅವತ್ತು ನಾನು ಈಚೆ ಕೂತು, ಜೇಬಿನಲ್ಲಿದ್ದ ಹಳೇ ಬಸ್ ಟಿಕೆಟನ್ನು ಗೋಡೆಯ ಹತ್ತಿರ ಹಿಡಿದು ಮೆಲ್ಲಗೆ ಹರಿದೆ. ಆಚೆ ಕಡೆ ಸಡ್ಡಕರ ಹತ್ತು ವರ್ಷದ ಮಗಳು ಗೋಡೆಗೆ ಕಿವಿ ಕೊಟ್ಟು ಕೂತಿದ್ದಳು. ನನಗೆ ಅವಳ ಕೆಂಪು ಸ್ವೆಟರ್ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಿವಿಯ ಪಕ್ಕದಲ್ಲೇ ಕೂತು ಕೇಳಿದಂತೆ ಅವಳ ದನಿ ಬಂತು: ‘ದೊಡ್ಡಪ್ಪ, ಏನು ಹರಿದ್ರಿ?’ ಅವಳಪ್ಪನ ಮುಖ ಆಗ ನೋಡಬೇಕಿತ್ತು. ಹರಿದ ಚೂರುಗಳನ್ನು ಮಾತ್ರ ಜೇಬಿಗೇ ಹಾಕಿಕೊಳ್ಳಿ. ಬೆಂಕಿಕಡ್ಡಿ ಗೀರಿ ತೋರಿಸುವ ಹಳೇ ಪದ್ಧತಿಯೊಂದಿತ್ತು, ಅದನ್ನು ಬಿಟ್ಟುಬಿಡಿ.

ಕೊನೆಗೆ ಒಂದೇ ಒಂದು ಚಪ್ಪಾಳೆ. ಏಳು ಸಲ ಮರಳುತ್ತದೆ ಅನ್ನುವವರಿದ್ದಾರೆ, ಹತ್ತು ಅನ್ನುವವರೂ ಇದ್ದಾರೆ. ಮೊದಲ ನಾಲ್ಕೈದು ಸುಲಭ. ಮುಂದಿನವನ್ನು ಎಣಿಸಲು ಉಸಿರು ಹಿಡಿಯಬೇಕು.

ಅಷ್ಟು ಹೊತ್ತಿಗೆ ಯಾರೋ ಒಬ್ಬ ಸ್ಪೀಕರ್ ಹಿಡಿದುಕೊಂಡು ಬರುತ್ತಾನೆ. ನೀವು ಇಳಿಯಿರಿ. ಕಟ್ಟೆಯ ಮೇಲೆ ಬಾಗಿ ಕೆಳಗೆ ಇಣುಕಲು ಮಕ್ಕಳನ್ನು ಬಿಡಬೇಡಿ, ನೂರು ಅಡಿಗೂ ಜಾಸ್ತಿ ಆಳವಿದೆ. ಈಗ ಕೆಳಗೆ ಬಂದು ಸಮಾಧಿಗಳನ್ನು ನೋಡಿ. ಕಾಣುವವು ಬರೀ ಗುರುತಿನ ಕಲ್ಲುಗಳು, ನಿಜವಾದ ಗೋರಿಗಳು ಅವುಗಳ ಕೆಳಗಿನ ನೆಲಮಾಳಿಗೆಯಲ್ಲಿವೆ. ಆಮೇಲೆ ಮ್ಯೂಸಿಯಂ. ಹೊರಗೆ ಸೆಲ್ಫಿ ಕೋಲು ಮಾರುತ್ತಾರೆ. ನಮ್ಮವರು ಕೊಂಡದ್ದು ಸಂಜೆಯೊಳಗೆ ಮುರಿಯಿತು.

ಊಟ, ನಿದ್ದೆ

ಖಾನಾವಳಿ ಹುಡುಕಿ, ಹೋಟೆಲ್ ಬೇಡ. ಜೋಳದ ರೊಟ್ಟಿ ಬಿಸಿಯದೇ ಕೇಳಿ. ಜೊತೆಗೆ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಹಿಂಡಿಗೆ ಮೊಸರು ಕಲಸಿಕೊಳ್ಳದೆ ಬಾಯಿಗಿಟ್ಟು ಕಣ್ಣೀರು ಹಾಕಿದರೆ ನಾನು ಹೊಣೆಯಲ್ಲ. ಇಲ್ಲಿಗೆ ಬಂದು ನೂಡಲ್ಸ್ ಕೇಳುವವರ ಜೊತೆ ನಾನು ಎರಡನೇ ಸಲ ಊಟಕ್ಕೆ ಹೋಗುವುದಿಲ್ಲ. ಮೂರೂವರೆವರೆಗೆ ಫ್ಯಾನಿನ ಕೆಳಗೆ ಮಲಗಿ.

ಸಂಜೆ ಪಶ್ಚಿಮದ ಕಡೆ

ಮೊದಲು ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ ಎನ್ನುತ್ತಾರೆ. ಬಾಯಿಯ ಹತ್ತಿರ ಕೂತು ನೋಡಿ. ಸಿಂಹ ಬಾಯಿ ತೆರೆದಿದೆ, ಅದರ ಹಲ್ಲಿನ ನಡುವೆ ಪುಟ್ಟ ಆನೆ ಸಿಕ್ಕಿಕೊಂಡಿದೆ. ದೂರದಿಂದ ಫೋಟೋ ತೆಗೆದವರಿಗೆ ಈ ಆನೆ ಕಾಣುವುದೇ ಇಲ್ಲ. ಹತ್ತಿರದಲ್ಲೇ ಉಪ್ಪಲಿ ಬುರುಜು, ಹೊರಗಿನಿಂದ ಸುತ್ತಿಕೊಂಡ ಮೆಟ್ಟಿಲು, ಸುಮಾರು 80 ಅಡಿ. ಬೆಳಗ್ಗೆ ಗುಮ್ಮಟ ಹತ್ತಿದ ಕಾಲಿಗೆ ಇಷ್ಟು ಸಾಕು ಅನಿಸಿದರೆ ಕೆಳಗಿನಿಂದಲೇ ನೋಡಿ.

ಐದು ಗಂಟೆಯೊಳಗೆ ಇಬ್ರಾಹಿಂ ರೋಜಾ ಸೇರಿಕೊಳ್ಳಿ. ನನ್ನನ್ನು ಕೇಳಿದರೆ ಊರಲ್ಲಿ ಚೆಂದದ ಕಟ್ಟಡ ಇದೇ, ಗುಮ್ಮಟವಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಸಮಾಧಿ ಒಂದು ಕಡೆ, ಮಸೀದಿ ಇನ್ನೊಂದು ಕಡೆ, ಎರಡೂ ಒಂದೇ ಜಗಲಿಯ ಮೇಲೆ. ಸಂಜೆ ಬಿಸಿಲು ಓರೆಯಾದಾಗ ಗೋಡೆಯ ಕೆತ್ತನೆ ಎದ್ದು ಕಾಣುತ್ತದೆ. ಸಮಾಧಿಯ ಕಿಟಕಿಗಳ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿ ಮಾಡಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಬರುತ್ತದೆ. ಕಾಲ್ಚೀಲ ಇದ್ದರೆ ಹಾಕಿಕೊಳ್ಳಿ. ಬರಿಗಾಲಿಗೆ ಕಲ್ಲು ಇನ್ನೂ ಸುಡುತ್ತಿರುತ್ತದೆ.

ಬಾರಾ ಕಮಾನ್ ಊರ ನಡುವೆಯೇ ಇದೆ, ವಾಪಸ್ ಬರುವಾಗ ಹತ್ತು ನಿಮಿಷ ಸಾಕು. ಗುಮ್ಮಟದ ಸುಲ್ತಾನನ ಮಗ ಎರಡನೇ ಅಲಿ ತನಗಾಗಿ ಶುರು ಮಾಡಿದ ಸಮಾಧಿ ಅದು. 1672ರಲ್ಲಿ ಅವನೇ ಹೋದ, ಕೆಲಸ ಅಲ್ಲಿಗೇ ನಿಂತಿತು. ಕಮಾನುಗಳಿವೆ, ಚಾವಣಿ ಇಲ್ಲ.

ಒಯ್ಯುವುದಾದರೆ ಒಣದ್ರಾಕ್ಷಿ

ಪ್ಲಾಸ್ಟಿಕ್ ಗುಮ್ಮಟ ಬೇಡ. ಈ ಜಿಲ್ಲೆಯ ದ್ರಾಕ್ಷಿಯಿಂದಲೇ ಮಾಡಿದ ಒಣದ್ರಾಕ್ಷಿ ಕೊಳ್ಳಿ. ಮಿರಿಮಿರಿ ಮಿಂಚುವ ಪ್ಯಾಕೆಟ್ ಬಿಟ್ಟು, ಬಿಡಿಯಾಗಿ ತೂಗಿ ಕೊಡುವ ಅಂಗಡಿಗೆ ಹೋಗಿ. ಎರಡು ಬಾಯಿಗೆ ಹಾಕಿಕೊಂಡು ನೋಡಿ. ಹುಳಿ ಸ್ವಲ್ಪ ಉಳಿದಿರಬೇಕು, ತೊಟ್ಟು ಹಲ್ಲಿಗೆ ಸಿಗಬಾರದು. ಸಡ್ಡಕರು ಎರಡು ಕಿಲೋ ತೂಗಿಸಿದರು. ರಾತ್ರಿ ಬಸ್ಸು ಹತ್ತುವ ಹೊತ್ತಿಗೆ ಮಗಳು ಅರ್ಧ ಕಿಲೋ ಮುಗಿಸಿದ್ದಳು.